ಮುಂಗಡದ ಹಣವೂ ಮನೆಯ ಅಳತೆಯೂ

ಸಾಲದಿಂದಲೂ ನಷ್ಟದಿಂದಲೂ ಕೆಟ್ಟ ಉದ್ಯಮಗಳ ವೃತ್ತಾಂತವನ್ನು ನಾವು ಬೇಕಾದಷ್ಟು ಕೇಳಿದ್ದೇವೆ; ಆದರೆ ವ್ಯಾಪಾರ ಚೆನ್ನಾಗಿ ಕುದುರಿದ ಮೂರು ನಾಲ್ಕು ವರ್ಷಗಳ ಬೆನ್ನಿನಲ್ಲಿಯೇ, ಕೈತುಂಬ ಹಣ ಓಡಾಡುತ್ತಿದ್ದಾಗ ಮಾಡಿದ ನಿರ್ಣಯಗಳ ದೆಸೆಯಿಂದಲೇ ಬಾಗಿಲು ಹಾಕಿಕೊಂಡ ಉದ್ಯಮಗಳ ವೃತ್ತಾಂತವನ್ನು ಬಾಯಿಬಿಟ್ಟು ಹೇಳುವವರು ವಿರಳ. ಇದಕ್ಕೆ ಕಾರಣವೂ ಉಂಟು. ನಷ್ಟವು ಬಂದಾಗ ಮಳೆಯನ್ನೋ ಸರಕಾರವನ್ನೋ ಪೇಟೆಯ ಧಾರಣೆಯನ್ನೋ ಹೊಣೆಮಾಡಬಹುದು. ಸಂಪತ್ತಿನ ದಿನಗಳಲ್ಲಿ ಆಗುವ ಪ್ರಮಾದವಾದರೋ ಗೃಹಪ್ರವೇಶವಾಗಿ, ಮದುವೆಯ ಚಪ್ಪರವಾಗಿ, ಹೊಸ ಕಾರಾಗಿ ಬರುವುದರಿಂದ ಅದನ್ನು ಪ್ರಮಾದವೆಂದು ಯಾರೂ ಗುರುತಿಸುವುದಿಲ್ಲ, ಬಂಧುಬಳಗದವರೆಲ್ಲ ಬಂದು ಉಂಡು ಹರಸಿ ಹೋಗುತ್ತಾರೆ. ಹಣವನ್ನು ಗಳಿಸುವ ಜಾಣತನಕ್ಕಿಂತ, ಗಳಿಸಿದ ಹಣ ಏತಕ್ಕೆ ಎಂಬುದರ ಬಗೆಗೆ ಸ್ಪಷ್ಟವಾದ ದೃಷ್ಟಿಯೇ ಉದ್ಯಮಿಗೆ ಹೆಚ್ಚು ಅವಶ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದುಗಳನ್ನು ಮುಂದಿಟ್ಟುಕೊಂಡು ಹೇಳುವುದು ಉಚಿತವೆಂದು ತೋರುತ್ತದೆ. ಏಕೆಂದರೆ ಹಣ ಬಂದಾಗ ಮನುಷ್ಯನು ಹೇಗಿರಬೇಕೆಂಬ ವಿಚಾರ ಈ ನೆಲದಲ್ಲಿ ನಡೆದಷ್ಟು ಗಂಭೀರವಾಗಿ ಬೇರೆ ಕಡೆ ನಡೆದುದು ಕಡಮೆ.

ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ, ಹಿಂದೆ 9 ಎನಿಸಿದ್ದು ಈಗ 65 ಆಗಿರುವುದು, ಈ ಎರಡು ತಾಲ್ಲೂಕುಗಳನ್ನು ಹಾಯ್ದು ಹೋಗುತ್ತದೆ. ಹುಮನಾಬಾದಿನಲ್ಲಿ ಅದನ್ನು ಬೀದರಿನಿಂದ ಕಲಬುರಗಿಯ ಕಡೆಗೆ ಹೋಗುವ 50ನೆಯ ಹೆದ್ದಾರಿ ಬಂದು ಕೂಡುತ್ತದೆ. ಹಗಲಿರುಳೂ ಲಾರಿ ಓಡುವ ಈ ದಾರಿಯನ್ನು ನೆಚ್ಚಿಕೊಂಡು ಬಸವಕಲ್ಯಾಣದಲ್ಲಿ ಲಾರಿಗೆ ಬಾಡಿ ಕಟ್ಟುವ ಕಸುಬು ಬೆಳೆಯಿತು; ಅಲ್ಲಿಯ ಆಟೋನಗರದ ಹೆಸರು ಲಾರಿ ಮಾಲಕರ ವಲಯದಲ್ಲಿ ರಾಜ್ಯದ ಗಡಿಯಾಚೆಗೂ ಪರಿಚಿತ. ಕಾರ್ಖಾನೆಯಿಂದ ಬರಿಯ ಚಾಸಿಯಾಗಿ ಓಡಿಬಂದ ಬಂಡಿಯು ಬಡಗಿ, ವೆಲ್ಡರ್, ತಗಡಿನ ಮಿಸ್ತ್ರಿ, ವೈರಿಂಗಿನವನು, ಕುಶನ್ ಹೊಲಿಯುವವನು ಇವರೆಲ್ಲರ ಕೈ ಹಾಯ್ದು, ಕಟ್ಟಕಡೆಗೆ ಪೇಂಟರನ ಮುಂದೆ ನಿಲ್ಲುತ್ತದೆ. ಅವನು ಸುಣ್ಣ ಹಚ್ಚಿದ ದಾರವನ್ನು ಬಿಗಿದು ಗೆರೆ ಹೊಡೆದು, ಉಸಿರು ಹಿಡಿದು ಮನೆದೇವರ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ತಿದ್ದಿ, ಹಿಂಬಾಗಿಲ ಮೇಲೆ ಕಮಲವನ್ನೋ ನವಿಲನ್ನೋ ಬಿಡಿಸುವುದನ್ನು ನೋಡಿದವರಿಗೆ, ಇದು ಕೇವಲ ಕೂಲಿಯ ಕೆಲಸವಲ್ಲ, ಕಲೆಯೂ ಹೌದೆಂಬುದು ಮನವರಿಕೆಯಾಗದೆ ಇರದು.

ಆದರೆ ಈ ಕಸುಬಿನಲ್ಲಿ ಹಣ ನಡೆಯುವ ರೀತಿ ಬಹಳ ಮೋಸದ್ದು. ಲಾರಿಯ ಮಾಲಕನು ಚಾಸಿಯನ್ನು ಅಂಗಳದಲ್ಲಿ ನಿಲ್ಲಿಸಿ ಮುಂಗಡ ಕೊಡುತ್ತಾನೆ. ಬಾಡಿ ಕಟ್ಟುವವನು ಕಟ್ಟಿಗೆ, ಚಾನೆಲ್, ಆ್ಯಂಗಲ್, ತಗಡುಗಳನ್ನು ಪೇಟೆಯಲ್ಲಿ ಉದ್ರಿ ತರುತ್ತಾನೆ. ಮಿಸ್ತ್ರಿಗಳಿಗೆ ವಾರದ ಬಟವಾಡೆ ಮಾಡುತ್ತಾನೆ. ಬಾಕಿಯು ಬಂಡಿ ಹೊರಬೀಳುವಾಗ ಬರತಕ್ಕದ್ದು. ಕೆಲಸ ಬಿರುಸಾದ ಕಾಲದಲ್ಲಿ ಹತ್ತು ಲಾರಿಗಳ ಮುಂಗಡ ಒಂದೇ ತಿಂಗಳಲ್ಲಿ ಬಂದು ಬಿದ್ದಿತೆಂದು ಭಾವಿಸೋಣ. ಪೆಟ್ಟಿಗೆ ತುಂಬಿತು, ಆದರೆ ಅದರಲ್ಲಿರುವುದು ಲಾಭವಲ್ಲ, ಇನ್ನೂ ಕಟ್ಟದ ಹತ್ತು ಬಾಡಿಗಳ ಹೊಣೆ. ಕಿರ್ದಿಯಲ್ಲಿ ಜಮೆಯ ಅಂಕಿಯನ್ನು ಕಂಡು, ಖತಾವಣಿಯಲ್ಲಿ ಕಬ್ಬಿಣದ ವ್ಯಾಪಾರಿಯ ಪುಟವನ್ನು ತೆರೆಯದೆ ಇದ್ದವನು, ಹೆದ್ದಾರಿಯ ಬದಿಯಲ್ಲಿ ಒಂದು ಪ್ಲಾಟ್ ಹಿಡಿಯುತ್ತಾನೆ. ಆ ಹತ್ತು ಲಾರಿಗಳ ಖರ್ಚನ್ನು ಮುಂದಿನ ಹತ್ತು ಲಾರಿಗಳ ಮುಂಗಡದಿಂದ ತೀರಿಸುತ್ತಾನೆ. ಈ ಸರಪಳಿ ಎಲ್ಲಿಯವರೆಗೆ ಎಳೆಯುತ್ತದೆಯೋ ಅಲ್ಲಿಯವರೆಗೆ ಅವನು ಊರಿನಲ್ಲಿ ಸಾಹುಕಾರನೇ.

ಸರಪಳಿ ತುಂಡಾಗುವುದಕ್ಕೆ ಅವನ ತಪ್ಪೇ ಬೇಕೆಂದಿಲ್ಲ. 2018ರ ಜುಲೈ ತಿಂಗಳಿನಲ್ಲಿ ಕೇಂದ್ರ ಸರಕಾರವು ಲಾರಿಗಳ ಅಚ್ಚಿನ ಮೇಲಿನ ಭಾರದ ಮಿತಿಯನ್ನು ಏರಿಸಿತು. ಇದ್ದ ಲಾರಿಗಳೇ ಹೆಚ್ಚು ಸರಕು ಹೊರುವಂತಾದ ಮೇಲೆ ಹೊಸ ಲಾರಿ ಕೊಳ್ಳುವ ತುರ್ತು ಕುಗ್ಗಿತು. 2019ರಲ್ಲಿ ದೇಶದಾದ್ಯಂತ ವಾಹನ ಮಾರಾಟವೇ ಕುಸಿಯಿತು. 2020ರ ಏಪ್ರಿಲ್ 1ರಿಂದ ಬಿಎಸ್ 6 ಹೊಗೆ ನಿಯಮ ಕಡ್ಡಾಯವಾಗಿ ಚಾಸಿಯ ಬೆಲೆ ಏರಿತು, ಅದೇ ವಸಂತದಲ್ಲಿ ಮಹಾಮಾರಿಯ ಬೀಗಮುದ್ರೆಯೂ ಬಿತ್ತು. ಎರಡು ವರ್ಷಗಳೊಳಗೆ ಬಂದ ಈ ಹೊಡೆತಗಳಲ್ಲಿ ಒಂದನ್ನೂ ಬಸವಕಲ್ಯಾಣದ ಮಿಸ್ತ್ರಿ ತಡೆಯಬಲ್ಲವನಾಗಿರಲಿಲ್ಲ. ಲಾರಿಯ ಕಸುಬು ಏರಿಳಿತದ ಕಸುಬು. ಇಳಿತವು ಯಾವಾಗ ಬರುತ್ತದೆಂಬುದು ತಿಳಿಯದಿರಬಹುದು, ಬಂದೇ ಬರುತ್ತದೆಂಬುದಂತೂ ಈ ಅಂಗಳಗಳ ಹಿರಿಯರೆಲ್ಲರಿಗೂ ತಿಳಿದ ವಿಷಯ. ತಿಳಿದಿದ್ದೂ ಸಿದ್ಧತೆ ಇಲ್ಲದಿರುವುದು ಬುದ್ಧಿಯ ಕೊರತೆಯಿಂದಲ್ಲ. ಒಳ್ಳೆಯ ದಿನಗಳಲ್ಲಿ ಬಂದ ಹಣಕ್ಕೆ ಮೊದಲೇ ಒಂದು ಗೊತ್ತುಪಾಡು ಇಲ್ಲದಿರುವುದರಿಂದ.

ಈ ಊರಿನ ಹೆಸರಿನಲ್ಲಿಯೇ ಇರುವ ಮಹಾಪುರುಷನು ವೃತ್ತಿಯಿಂದ ಭಂಡಾರಿ ಎಂಬುದನ್ನು ನಾವು ಪೂಜೆಯ ಭರದಲ್ಲಿ ಮರೆಯುವುದುಂಟು. ಹನ್ನೆರಡನೆಯ ಶತಮಾನದಲ್ಲಿ ಕಲಚುರಿ ಬಿಜ್ಜಳನ ಬೊಕ್ಕಸ ಬಸವಣ್ಣನವರ ಕೈಯಲ್ಲಿತ್ತು. ಅರಮನೆಯ ಹಣವನ್ನು ಶರಣರಿಗೆ ಸುರಿಯುತ್ತಿದ್ದಾರೆಂದು ಆಗದವರು ಚಾಡಿ ಹೇಳಲಾಗಿ, ಅರಸನು ಬೊಕ್ಕಸವನ್ನು ಎಣಿಸಿ ನೋಡಿದನೆಂದೂ ಲೆಕ್ಕ ಒಂದಿಷ್ಟೂ ತಪ್ಪಿರಲಿಲ್ಲವೆಂದೂ ಬಸವಪುರಾಣದ ಪರಂಪರೆ ಹೇಳುತ್ತದೆ. ಇದನ್ನು ಪವಾಡವೆಂದು ಓದುವವರು ಓದಲಿ; ನಾನಂತೂ ಇದರಲ್ಲಿ, ಒಂದೇ ಕೈಯ ಕೆಳಗಿದ್ದ ಎರಡು ಹಣಗಳನ್ನು ಎಂದಿಗೂ ಬೆರಸದ ಒಬ್ಬ ಲೆಕ್ಕಿಗನ ಶೀಲವನ್ನು ಕಾಣುತ್ತೇನೆ. ಮುಂಗಡವನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡ ಪ್ರತಿಯೊಬ್ಬ ಬಾಡಿ ಮಿಸ್ತ್ರಿಯೂ ಆ ಮಟ್ಟಿಗೆ ಪರರ ಭಂಡಾರಿಯೇ.

ಇದಕ್ಕಿಂತಲೂ ಹತ್ತಿರವಾದ ನಿದರ್ಶನ ಅದೇ ಕಾಲದ ಶರಣೆ ಆಯ್ದಕ್ಕಿ ಲಕ್ಕಮ್ಮನದು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಕೆಯ ಗಂಡ ಮಾರಯ್ಯ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕವಾಗಿ ಮಾಡಿಕೊಂಡಿದ್ದ. ಒಂದು ದಿನ ಅಂಗಳದಲ್ಲಿ ಬೇಕೆಂದೇ ಹೆಚ್ಚು ಅಕ್ಕಿ ಚೆಲ್ಲಿಸಲಾಗಿತ್ತು. ಅವನು ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಕಂಡವಳೇ, ಹೆಚ್ಚಿನದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳಿಸಿದಳು. ಇದು ವೈರಾಗ್ಯದ ಕಥೆಯೆಂದು ಹೇಳಿ ಮುಗಿಸುವವರೇ ಹೆಚ್ಚು. ವ್ಯಾಪಾರಿಯು ನಾಳೆಗೆಂದು ಏನನ್ನೂ ಇಡಬಾರದೆಂಬ ಅರ್ಥವನ್ನು ಇದರಿಂದ ತೆಗೆದರೆ ಯಾವ ಅಂಗಡಿಯೂ ನಡೆಯಲಾರದು. ಬರಗಾಲ ಕಂಡ ಬೀದರ ಸೀಮೆಯಲ್ಲಿ ಅಂಥ ಉಪದೇಶ ಕ್ರೂರವೂ ಆದೀತು. ನನ್ನ ಮನಸ್ಸನ್ನು ಸೆಳೆಯುವುದು ಬೇರೊಂದು ಸಂಗತಿ: ಅಕ್ಕಿ ಮನೆಯ ಹೊಸಲು ದಾಟುವುದಕ್ಕೆ ಮುಂಚೆಯೇ ಆಕೆಗೆ ತನ್ನ ಮನೆಯ ಅಳತೆ ಗೊತ್ತಿತ್ತು. ಎಷ್ಟು ಬೇಕೆಂಬ ನಿರ್ಣಯವನ್ನು ಬಂದುದರ ಪ್ರಮಾಣಕ್ಕೆ ಬಿಟ್ಟುಕೊಡಲಿಲ್ಲ. ಹೆಚ್ಚು ಬಂದಾಗ ಆಕೆ ತಬ್ಬಿಬ್ಬಾಗಲಿಲ್ಲ, ಯಾರ ಸಲಹೆಯನ್ನೂ ಕೇಳಲಿಲ್ಲ. ಉತ್ತರವು ಸಿದ್ಧವಾಗಿಯೇ ಇತ್ತು. ನಮ್ಮ ಉದ್ಯಮಿಗೆ ಬೇಕಾದುದು ಈ ಸಿದ್ಧವಾದ ಉತ್ತರ. ಮನೆಖರ್ಚಿಗೆ ತಿಂಗಳಿಗೆ ಇಷ್ಟು, ಕೆಲಸವೇ ಇಲ್ಲದ ಆರು ತಿಂಗಳು ಮಿಸ್ತ್ರಿಗಳನ್ನು ಬಿಡದೆ ಉಳಿಸಿಕೊಳ್ಳುವುದಕ್ಕೆ ಇಷ್ಟು, ಹೊಸ ಯಂತ್ರಕ್ಕೆ ಇಷ್ಟು, ದಾಸೋಹಕ್ಕೆ ಇಷ್ಟು ಎಂಬುದನ್ನು ಹಣ ಬರುವ ಮುಂಚೆ, ಮನಸ್ಸು ತಣ್ಣಗಿರುವಾಗ, ಬರೆದಿಟ್ಟವನು ಹಣ ಬಂದಾಗ ಬರೆದಂತೆ ನಡೆದರೆ ಸಾಕು. ಬರೆಯದವನು ಹಣ ಬಂದ ಸಂಜೆಯೇ ಯೋಚಿಸಬೇಕಾಗುತ್ತದೆ, ಆ ಸಂಜೆಯಂತೂ ಯೋಚನೆಗೆ ತಕ್ಕ ಹೊತ್ತಲ್ಲ.

ಬಸವಣ್ಣನವರಿಗೂ ಹಿಂದೆ ಇದೇ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ಮಾನಸೋಲ್ಲಾಸದ ವಿಷಯಾನುಕ್ರಮವೇ ಒಂದು ಚಿಂತನೆ. ರಾಜ್ಯವನ್ನು ಪಡೆಯುವುದು ಮೊದಲ ಇಪ್ಪತ್ತು ಅಧ್ಯಾಯಗಳ ವಸ್ತು. ಪಡೆದ ರಾಜ್ಯವನ್ನು ಸ್ಥಿರಗೊಳಿಸುವುದು ಎರಡನೆಯ ಇಪ್ಪತ್ತರದು, ಕೋಶದ ವಿಚಾರವೂ ಅಲ್ಲಿಯೇ ಬರುತ್ತದೆ. ಉಪಭೋಗ, ವಿನೋದ, ಕ್ರೀಡೆಗಳು ಆಮೇಲೆ. ನಾಲಿಗೆಯ ರುಚಿಯನ್ನೂ ಸಂಗೀತವನ್ನೂ ಅಷ್ಟು ವಿಸ್ತಾರವಾಗಿ ಬಣ್ಣಿಸಿದ ರಸಿಕ ಅರಸನು ಭೋಗವನ್ನು ನಿರಾಕರಿಸಲಿಲ್ಲ, ಸ್ಥೈರ್ಯದ ಹಿಂದೆ ನಿಲ್ಲಿಸಿದ. ಹಾಗೆ ಬರೆದವನ ಮನೆತನವೇ ಅವನು ತೀರಿಕೊಂಡ ಇಪ್ಪತ್ತು ವರ್ಷಗಳ ಆಸುಪಾಸಿನಲ್ಲಿ ಕಲ್ಯಾಣವನ್ನು ಬಿಜ್ಜಳನಿಗೆ ಬಿಟ್ಟುಕೊಟ್ಟಿತೆಂಬುದನ್ನೂ ಮರೆಯುವಂತಿಲ್ಲ. ತಂದೆಯ ದೃಷ್ಟಿ ಗ್ರಂಥದಲ್ಲಿ ಉಳಿದು ಮಕ್ಕಳಿಗೆ ಇಳಿಯದಿದ್ದರೆ ಅಂಗಡಿಗೂ ಅದೇ ಗತಿ.

ಮಕ್ಕಳ ಮಾತು ಬಂದುದರಿಂದ ಮಿತಾಕ್ಷರವನ್ನು ನೆನೆಯದೆ ಮುಂದುವರಿಯಲಾಗದು. ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಬರೆದ ಈ ವ್ಯಾಖ್ಯಾನವು, ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂದು ಸಾರಿ, ಬಂಗಾಳದ ಕಡೆಯನ್ನು ಬಿಟ್ಟು ಭಾರತದ ಬಹುಭಾಗದ ಹಿಂದೂ ಕುಟುಂಬಗಳನ್ನು ಶತಮಾನಗಳ ಕಾಲ ಆಳಿತು. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ ಆ ಹಕ್ಕನ್ನು ಹೆಣ್ಣುಮಕ್ಕಳಿಗೂ ಕೊಟ್ಟಿತು. ಇಂಥ ಶಾಸ್ತ್ರ ಹುಟ್ಟಿದ ಊರಿನಲ್ಲಿಯೂ ಅಂಗಳ ಯಾರದು, ಹೆಸರು ಯಾರದು, ಸಾಲ ಯಾರದು ಎಂಬುದು ಕಾಗದದ ಮೇಲೆ ಇರದೆ, ಯಜಮಾನನು ಕಣ್ಣು ಮುಚ್ಚಿದ ಮೇಲೆ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತುವುದು ಸಂಕಟದ ಸಂಗತಿ. ಮುಸಲ್ಮಾನ ಮನೆತನಗಳಲ್ಲಿ ದಾಯಕ್ರಮ ಬೇರೆ, ತೊಡಕು ಅದೇ.

ಹುಮನಾಬಾದಿನಲ್ಲಿ ಇನ್ನೊಂದು ಬಗೆಯ ಐಶ್ವರ್ಯ ಬಂತು. ಹೆದ್ದಾರಿ ಅಗಲವಾಯಿತು, ಕೈಗಾರಿಕಾ ಪ್ರದೇಶ ತಲೆಯೆತ್ತಿತು, ಭೂಮಿಗೆ ಬೆಲೆ ಬಂತು. ನಿನ್ನೆಯವರೆಗೆ ತೊಗರಿ, ಕಡಲೆ ಬೆಳೆಯುತ್ತಿದ್ದವನು ಪರಿಹಾರದ ಹಣದಿಂದ ಧಾಬಾ ತೆರೆದ, ಟಿಪ್ಪರ್ ಕೊಂಡ, ಉದ್ಯಮಿಯಾದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನೆಂಬ ಗಾದೆಯನ್ನು ಇಂಥವರ ಮೇಲೆ ಎಸೆಯುವುದು ಸುಲಭ. ಆದರೆ ಆ ಗಾದೆ ನನಗೆ ಅನ್ಯಾಯದ್ದೆಂದೇ ತೋರುತ್ತದೆ. ಅಲ್ಪತನವು ಮನುಷ್ಯನದಲ್ಲ. ತಲೆಮಾರುಗಳಿಂದ ಕೊರತೆಯನ್ನು ನಿಭಾಯಿಸುವ ವಿದ್ಯೆಯನ್ನಷ್ಟೇ ಕಲಿತ ಮನೆಗೆ ಹೆಚ್ಚಳವನ್ನು ನಿಭಾಯಿಸುವ ವಿದ್ಯೆಯನ್ನು ಯಾರೂ ಕಲಿಸಿರಲಿಲ್ಲ.

ಕಲಿತವರ ದೃಷ್ಟಾಂತವೂ ಇಲ್ಲದಿಲ್ಲ. ಗದಗಿನ ಮುದ್ರಣದ ಮನೆತನದಿಂದ ಬಂದ ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಲಾರಿಯಿಂದ ಸಾಗಣೆಯ ಉದ್ಯಮವನ್ನು ಆರಂಭಿಸಿದರು. ಮುಂದೆ ಪತ್ರಿಕೆಯನ್ನು ಕಟ್ಟಿ, ಅದು ಉಚ್ಛ್ರಾಯದಲ್ಲಿದ್ದಾಗಲೇ 2006ರಲ್ಲಿ ಮಾರಿದರು. 2015ರಲ್ಲಿ ಅವರ ಸಾಗಣೆ ಸಂಸ್ಥೆ ಷೇರು ಪೇಟೆಯನ್ನು ಪ್ರವೇಶಿಸಿತು. ಅವರ ಎಲ್ಲ ಸಾಹಸಗಳನ್ನೂ ಇಲ್ಲಿ ತೂಗಬೇಕಾಗಿಲ್ಲ. ಆಟೋನಗರದವರು ಗಮನಿಸಬೇಕಾದುದು ಒಂದೇ: ಗಳಿಕೆಯ ಒಂದು ಪಾಲು ಹುಬ್ಬಳ್ಳಿಯ ಬಳಿಯ ವರೂರಿನ ಕಾರ್ಯಾಗಾರಕ್ಕೆ ಹೋಯಿತು, ಅಲ್ಲಿ ಅವರ ಸಂಸ್ಥೆ ತನ್ನ ಲಾರಿಗಳಿಗೆ ಬಾಡಿಯನ್ನು ತಾನೇ ಕಟ್ಟಿಕೊಳ್ಳುತ್ತದೆ. ಅದು ಬಸವಕಲ್ಯಾಣದವರದೇ ವಿದ್ಯೆ.

ಲಾರಿಯ ಬಾಡಿಗೂ ಕೆಬಿನ್ನಿಗೂ ಈಗ ಎಐಎಸ್ 093 ಎಂಬ ನಿಯಮಾವಳಿ ಇದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕೆಬಿನ್ನಿಗೆ ಹವಾನಿಯಂತ್ರಣವೂ ಬೇಕು. ಕೈಯ ಅಂದಾಜಿನಿಂದ ಕಟ್ಟುವ ಕಾಲ ಮುಗಿಯುತ್ತ ಬಂದಿದೆ. ಅಚ್ಚು, ಅಳತೆಯ ಸಾಧನ, ಪರೀಕ್ಷೆ, ಮಂಜೂರಾತಿ, ಇವೆಲ್ಲಕ್ಕೂ ಬಂಡವಾಳ ಬೇಕು. ಕಳೆದ ಏರಿಕೆಯ ಹಣವನ್ನು ಪ್ಲಾಟಿನಲ್ಲಿ ಹೂತವರಿಗೆ ಈಗ ಬ್ಯಾಂಕಿನ ಬಾಗಿಲೇ ಗತಿ.

ಈ ವಿಷಯದಲ್ಲಿ ನಮ್ಮ ಸಂಸ್ಥೆಗಳ ಹೊಣೆಯೂ ಇದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ತರಬೇತಿ ಸಂಸ್ಥೆಯ ಮಾದರಿ ದೇಶಕ್ಕೇ ಹಬ್ಬಿ, ಉದ್ಯೋಗ ಹೂಡುವ ಕಲೆಯನ್ನು ಲಕ್ಷಾಂತರ ತರುಣರಿಗೆ ಕಲಿಸಿದೆ. ಹೂಡುವವರಿಗೆ ಪಾಠವಿದೆ, ಹೂಡಿ ಗೆದ್ದವರಿಗೂ ಒಂದು ಪಾಠ ಬೇಕು. ಜಿಲ್ಲಾ ಕೈಗಾರಿಕಾ ಕೇಂದ್ರವೂ ಬ್ಯಾಂಕುಗಳೂ ಸೇರಿ, ಐದು ವರ್ಷ ದಾಟಿದ ಉದ್ಯಮಿಗಳಿಗಾಗಿ ಬಸವಕಲ್ಯಾಣದಲ್ಲಿ ಅಂಥ ಒಂದು ತರಗತಿಯನ್ನು ನಡೆಸಲಿ. ಮುಂಗಡಕ್ಕೆ ಬೇರೆ ಖಾತೆ, ಮಿಸ್ತ್ರಿಗಳ ಭವಿಷ್ಯನಿಧಿ, ಇಳಿತದ ಕಾಲದ ಠೇವಣಿ, ಉಯಿಲು, ಇವು ಅಲ್ಲಿಯ ವಿಷಯಗಳಾಗಲಿ. ಆ ತರಗತಿಗೆ ಮಾಲಕನೊಬ್ಬನನ್ನೇ ಕರೆಯದೆ, ಲೆಕ್ಕ ಬರೆಯುವ ಮಗಳನ್ನೂ ಮನೆ ನಡೆಸುವ ಹೆಂಡತಿಯನ್ನೂ ಕರೆಯತಕ್ಕದ್ದು; ಬಂದ ಹಣ ಯಾವ ಖರ್ಚಿಗೆ ಹೋಗಬೇಕೆಂಬುದು ಕೊನೆಗೆ ಇತ್ಯರ್ಥವಾಗುವುದು ಅವರ ಸಮಕ್ಷಮದಲ್ಲಿ.