ಚಾಚಿದ ಕೈ ಯಾರದು?

ಕನ್ನಡದ ಕ್ಯಾಥೊಲಿಕರು ದೇವರ ಅನುಗ್ರಹಕ್ಕೆ ‘ವರಪ್ರಸಾದ’ ಎನ್ನುತ್ತಾರೆ, ಬಲಿಪೂಜೆಯಲ್ಲಿ ಸ್ವೀಕರಿಸುವ ರೊಟ್ಟಿಗೆ ‘ಪರಮಪ್ರಸಾದ’. ನಮ್ಮ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಮೊದಲನೆಯದು ‘ಕೃಪೆ’, ಎರಡನೆಯದು ‘ಕರ್ತನ ಭೋಜನ’. ಪದ ಬೇರೆ, ಅರ್ಥ ಒಂದೇ ಎಂದುಕೊಂಡು ಬಹುಕಾಲ ಸುಮ್ಮನಿದ್ದೆ. ಈಗೀಗ ಈ ಪದಗಳು ಕೈಗೆ ಬೇರೆಬೇರೆ ಕೆಲಸ ಹೇಳುತ್ತವೆ ಅನ್ನಿಸುತ್ತಿದೆ. ಕೃಪೆ ಎಂದಾಗ ಕೈಗೆ ಕೆಲಸವೇ ಇಲ್ಲ. ಅದು ಮಳೆಯ ಹಾಗೆ, ನಿಂತವನ ಮೇಲೂ ಸುರಿಯುತ್ತದೆ, ಮಲಗಿದವನ ಮೇಲೂ. ಪ್ರಸಾದ ಎಂದಕೂಡಲೇ ಬಲಗೈ ತಾನಾಗಿ ಗುಳಿಯಾಗುತ್ತದೆ, ಎಡಗೈ ಅದರಡಿಗೆ ಬರುತ್ತದೆ. ಕೊಟ್ಟರಷ್ಟೇ ಪ್ರಸಾದ, ದುಡಿದು ಪಡೆದರೆ ಕೂಲಿ. ಹಾಗೆಂದು ಕೈ ಕಟ್ಟಿ ನಿಂತವನಿಗೆ ಯಾರೂ ಬಡಿಸುವುದೂ ಇಲ್ಲ.

ಆ ಚಾಚಿದ ಕೈಯನ್ನು ಯಾರ ಲೆಕ್ಕಕ್ಕೆ ಬರೆಯಬೇಕು?

1740ರಲ್ಲಿ ಲಂಡನ್ನಿನ ಒಂದು ಪ್ರಾರ್ಥನಾಕೂಟ ಹೆಚ್ಚುಕಡಿಮೆ ಇದೇ ಪ್ರಶ್ನೆಗೆ ಒಡೆದುಹೋಯಿತು. ಫೆಟರ್ ಲೇನ್ ಎಂಬಲ್ಲಿ ಜಾನ್ ವೆಸ್ಲಿಯೂ ಮೊರೇವಿಯನ್ ಪಂಥದವರೂ ಕೂಡಿ ನಡೆಸುತ್ತಿದ್ದ ಕೂಟ ಅದು. ಹಿಂದಿನ ವರ್ಷದ ಅಕ್ಟೋಬರಿನಲ್ಲಿ ಫಿಲಿಪ್ ಹೈನ್ರಿಕ್ ಮೋಲ್ಟರ್ ಎಂಬ ಮೊರೇವಿಯನ್ ಬೋಧಕ ಅಲ್ಲಿಗೆ ಬಂದ. ನಿಜವಾದ ನಂಬಿಕೆ ತನಗಿನ್ನೂ ಬಂದಿಲ್ಲ ಎನ್ನಿಸಿದವನು ಸುಮ್ಮನಿರಬೇಕು ಎಂದು ಅವನ ಬೋಧನೆ. ಉಪವಾಸ, ಬೈಬಲ್ ಓದು, ಕರ್ತನ ಭೋಜನ ಯಾವುದೂ ಬೇಡ. ಮಾಡುತ್ತ ಹೋದರೆ ಮನುಷ್ಯ ತಾನು ಮಾಡಿದ್ದನ್ನೇ ನೆಚ್ಚಿಕೊಳ್ಳುತ್ತಾನೆ, ಕ್ರಿಸ್ತನನ್ನಲ್ಲ.

ಇದನ್ನು ಸೋಮಾರಿಗಳ ಸಿದ್ಧಾಂತ ಎಂದು ತಳ್ಳಿಹಾಕುವುದು ಸುಲಭ. ಆದರೆ ಮೋಲ್ಟರನ ಪರವಾಗಿ ಸಾಕ್ಷಿ ಬೇಕಿದ್ದರೆ ವೆಸ್ಲಿಯ ಬದುಕೇ ಇತ್ತು. ಆಕ್ಸ್‌ಫರ್ಡಿನಲ್ಲಿದ್ದಾಗ ಬುಧವಾರ, ಶುಕ್ರವಾರ ಉಪವಾಸ; ಸೆರೆಮನೆಯ ಕೈದಿಗಳ ಭೇಟಿ; ದಿನದ ಗಂಟೆಗಂಟೆಯನ್ನೂ ದಿನಚರಿಯಲ್ಲಿ ಬರೆದಿಟ್ಟು ತನ್ನನ್ನು ತಾನೇ ತನಿಖೆ ಮಾಡಿಕೊಳ್ಳುವುದು. ಆಮೇಲೆ ಅಮೆರಿಕದ ಜಾರ್ಜಿಯಾಕ್ಕೆ ಮಿಷನರಿಯಾಗಿ ಹೋಗಿ, ಸೋತು, ಮುಖ ಸಣ್ಣದು ಮಾಡಿಕೊಂಡು ವಾಪಸು ಬಂದ. ಇಷ್ಟಾದರೂ ಮನಸ್ಸಿಗೆ ನೆಮ್ಮದಿಯಿಲ್ಲ. ಅದು ಸಿಕ್ಕಿದ್ದು 1738ರ ಮೇ 24ರ ಸಂಜೆ, ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ, ಯಾರೋ ಲೂಥರನ ಬರಹ ಓದುತ್ತಿದ್ದಾಗ. ಆ ಹೊತ್ತಿನಲ್ಲಿ ಅವನು ಮಾಡುತ್ತಿದ್ದದ್ದು ಕೂತು ಕೇಳುವುದು, ಅಷ್ಟೇ. ಆ ಕೂಟಕ್ಕೂ ಅವನು ಹೋದದ್ದು ಮನಸ್ಸಿಲ್ಲದ ಮನಸ್ಸಿನಿಂದ.

ಅದೇ ವೆಸ್ಲಿ ಎರಡೇ ವರ್ಷದಲ್ಲಿ ಮೋಲ್ಟರನಿಗೆ ಎದುರಾಗಿ ನಿಂತ. ಬಾಯಾರಿದವನು ಬಾವಿಯ ಹತ್ತಿರವೇ ಸುಳಿಯಬಾರದು ಅಂದರೆ ಹೇಗೆ ಎಂಬ ಧಾಟಿ ಅವನ ವಾದದ್ದು. ಪ್ರಾರ್ಥನೆಯಿಂದ, ಭೋಜನದಿಂದ ಪುಣ್ಯ ಜಮೆಯಾಗುವುದಿಲ್ಲ, ಸರಿ. ಆದರೆ ದೇವರು ಭೇಟಿಗೆ ಗೊತ್ತುಮಾಡಿದ ಜಾಗಗಳು ಅವೇ. ಅಲ್ಲಿ ಹೋಗಿ ಕಾಯಬೇಕು. ಅವನ ಕೈಯಲ್ಲೂ ಒಂದು ಸಾಕ್ಷಿಯಿತ್ತು, ಅದೂ ಮನೆಯೊಳಗಿನದು. ತಾಯಿ ಸುಸಾನಾ ಪಾದ್ರಿಯ ಮಗಳು, ಪಾದ್ರಿಯ ಹೆಂಡತಿ. ಭೋಜನದ ಪಾತ್ರೆಗೆ ತುಟಿಯಿಟ್ಟ ಭಾನುವಾರಗಳಿಗೆ ಲೆಕ್ಕವಿರಲಿಲ್ಲ. 1739ರಲ್ಲಿ, 70 ವರ್ಷದವಳಾಗಿದ್ದಾಗ, ಒಂದು ದಿನ ಅಳಿಯನೇ ಆ ಪಾತ್ರೆಯನ್ನು ಅವಳ ಮುಂದೆ ಹಿಡಿದು ಎಂದಿನ ಮಾತುಗಳನ್ನು ಹೇಳುತ್ತಿದ್ದ. ಕ್ರಿಸ್ತನಿಗಾಗಿ ದೇವರು ತನ್ನ ಪಾಪವನ್ನೂ ಕ್ಷಮಿಸಿದ್ದಾನೆ ಎಂಬುದು ಆಗ ಅವಳ ಎದೆಗೆ ಮುಟ್ಟಿತು. ಹಾಗೆಂದು ಮಗನಿಗೆ ತಾನೇ ಹೇಳಿದಳು.

ಈ ಕತೆ ಯಾರ ಕಡೆಯದು? ನನಗಂತೂ ತೀರ್ಮಾನಿಸಲಾಗಿಲ್ಲ. ಅಷ್ಟು ವರ್ಷದ ಭಕ್ತಿಯಿಂದ ಬಾರದ್ದು ಒಂದು ಗಳಿಗೆಯಲ್ಲಿ ಬಂತು ಎಂದು ಮೋಲ್ಟರ್ ಬೆರಳು ಮಾಡಬಹುದು. ಬಂದಾಗ ಅವಳು ಅಲ್ಲಿ ಮೊಣಕಾಲೂರಿದ್ದಳಲ್ಲ ಎಂದು ವೆಸ್ಲಿ. 1740ರ ಜುಲೈನಲ್ಲಿ ಅವನು ಕೂಟದಲ್ಲಿ ಎದ್ದುನಿಂತು ಒಂದು ಸಣ್ಣ ಹೇಳಿಕೆ ಓದಿ, ಜೊತೆಗೆ ಬರುವವರನ್ನು ಕರೆದುಕೊಂಡು ಹೊರನಡೆದ. ಬೆಂಗಳೂರಿನ ಹಡ್ಸನ್ ಸ್ಮಾರಕ ದೇವಾಲಯದಲ್ಲಿ, ಮೈಸೂರು ಸೀಮೆಯ ಎಷ್ಟೋ ಸಭೆಗಳಲ್ಲಿ ಕನ್ನಡದಲ್ಲಿ ಪ್ರಾರ್ಥಿಸುವವರ ಹಿರಿಯರಿಗೆ ಸುವಾರ್ತೆ ಮುಟ್ಟಿದ್ದು ಹಾಗೆ ಹೊರನಡೆದವನ ಕವಲಿನಿಂದ.

ಜಗಳ ಹೊಸದಲ್ಲ. 5ನೇ ಶತಮಾನದ ಮೊದಲಲ್ಲಿ ಬ್ರಿಟನ್ನಿನಿಂದ ರೋಮಿಗೆ ಬಂದಿದ್ದ ಪೆಲಾಜಿಯಸ್ ಎಂಬ ಸನ್ಯಾಸಿ ಅಲ್ಲಿನ ಉಳ್ಳವರ ಆರಾಮದ ಕ್ರೈಸ್ತತನ ಕಂಡು ಸಿಡಿದಿದ್ದ. ‘ನಾವು ದುರ್ಬಲರು, ದೇವರೇ ನೋಡಿಕೊಳ್ಳಬೇಕು’ ಎಂಬ ಮಾತಿನ ಹಿಂದೆ ಅವನಿಗೆ ಕಂಡದ್ದು ನೆಪ. ಮಾಡಲಾಗದ್ದನ್ನು ದೇವರು ಮಾಡೆನ್ನುವುದಿಲ್ಲ, ಆದ್ದರಿಂದ ಎದ್ದು ಮಾಡು ಎಂದ. ಉತ್ತರ ಆಫ್ರಿಕಾದ ಆಗಸ್ಟೀನನಿಗೆ ತನ್ನ ಸ್ವಂತ ಚರಿತ್ರೆ ಗೊತ್ತಿತ್ತು: ಬಿಡಬೇಕು ಬಿಡಬೇಕು ಎನ್ನುತ್ತಲೇ ಬಿಡಲಾಗದೆ ಕಳೆದ ವರ್ಷಗಳು. ಬೇಕು ಎನ್ನುವ ಮನಸ್ಸೇ ಕಾಯಿಲೆ ಬಿದ್ದಿರುವಾಗ ‘ಮನಸ್ಸು ಮಾಡು’ ಎಂದರೆ ಯಾವ ಮನಸ್ಸಿನಿಂದ ಮಾಡಬೇಕು? 418ರಲ್ಲಿ ಕಾರ್ತೇಜಿನ ಸಭೆ ಪೆಲಾಜಿಯಸನ ಬೋಧನೆಯನ್ನು ಖಂಡಿಸಿತು. ಮಾರ್ಸೇಯ ಮಠದ ಕ್ಯಾಸಿಯನ್ ನಡುದಾರಿ ಹುಡುಕಿದ. ನಮ್ಮ ರೈತರಿಗೆ ಬಿಡಿಸಿ ಹೇಳಬೇಕಿಲ್ಲದ ದಾರಿ ಅದು. ಉಳದವನಿಗೆ ಬೆಳೆಯಿಲ್ಲ, ಮಳೆಯಿಲ್ಲದಿದ್ದರೆ ಉತ್ತರೂ ಬೆಳೆಯಿಲ್ಲ. ಇಷ್ಟು ಚೆನ್ನಾದ ಮಾತೂ ತಕರಾರಿಲ್ಲದೆ ಉಳಿಯಲಿಲ್ಲ. ದೇವರ ಕಡೆ ತಿರುಗುವ ಮೊದಲ ಆಸೆಯೂ ಕೃಪೆಯ ಕೆಲಸವೇ ಎಂದು 529ರಲ್ಲಿ ಒರಾಂಜ್ ಊರಿನ ಸಭೆ ಹೇಳಿತು. ಅಲ್ಲಿಗೆ ಚಾಚಿದ ಕೈಯೂ ಕೊಟ್ಟದ್ದೇ ಆಯಿತು.

ನಮ್ಮ ಶ್ರೀವೈಷ್ಣವರ ಬೆಕ್ಕಿನ ಮರಿ, ಕೋತಿಯ ಮರಿ ಓದುಗರಿಗೆ ಆಗಲೇ ನೆನಪಾಗಿರಬೇಕು. ತಾಯಿ ಕಚ್ಚಿ ಒಯ್ಯುವ ಮರಿಯೋ, ತಾಯಿಯನ್ನು ಅವಚಿಕೊಂಡ ಮರಿಯೋ? ಸೊಗಸಾದ ಹೋಲಿಕೆ. ಆದರೆ ಎರಡರಲ್ಲೂ ಮರಿಗೆ ತಾಯಿ ಗೊತ್ತು. ಕ್ರೈಸ್ತರ ತಕರಾರು ತಾಯಿಯನ್ನೇ ಬಿಟ್ಟು ಓಡಿಹೋದ ಮರಿಯದ್ದು.

ನನ್ನ ಮಟ್ಟಿಗೆ ಒಂದು ಲೆಕ್ಕ ಇಟ್ಟುಕೊಂಡಿದ್ದೆ. ಪ್ರಯತ್ನ ಬೆಳಗಿನ ಮಾತು, ಕೃಪೆ ರಾತ್ರಿಯ ಮಾತು. ಹೊರಡುವಾಗ ಎಲ್ಲ ನನ್ನ ಕೈಯಲ್ಲೇ ಇದೆ ಎಂಬಂತೆ ಹೊರಡಬೇಕು, ಮಲಗುವಾಗ ಯಾವುದೂ ನನ್ನದಲ್ಲ ಎಂದು ಒಪ್ಪಿಸಬೇಕು. ಇವು ಅದಲುಬದಲಾದರೆ ಬೆಳಿಗ್ಗೆ ಸೋಮಾರಿತನ, ರಾತ್ರಿ ಜಂಬ. ಪೌಲನೂ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ನಿಮ್ಮ ರಕ್ಷಣೆಗೆ ನೀವೇ ಹೆಣಗಿರಿ ಎನ್ನುತ್ತಾನೆ, ಅದೇ ಉಸಿರಿನಲ್ಲಿ ನಿಮ್ಮೊಳಗೆ ಕೆಲಸ ಮಾಡುವವನು ದೇವರು ಎನ್ನುತ್ತಾನೆ. ಲೆಕ್ಕ ಸರಿಹೊಂದಿತು ಎಂದುಕೊಂಡಿದ್ದೆ.

ಅದನ್ನು ಕೆಡಿಸಿದ್ದು ಒಬ್ಬ ನೆರೆಮನೆಯವರು. ಅವರ ಮಗನಿಗೆ ಮೂತ್ರಪಿಂಡದ ಕಾಯಿಲೆ. ಎರಡು ವರ್ಷ ಶುಕ್ರವಾರದ ಉಪವಾಸ ಪ್ರಾರ್ಥನೆ ಒಂದನ್ನೂ ತಪ್ಪಿಸಲಿಲ್ಲ. ಮಗ ಉಳಿಯಲಿಲ್ಲ. ಕೂಟದ ಹಿರಿಯರೊಬ್ಬರು ಬಂದವರು, ‘ಅಕ್ಕಾ, ನಂಬಿಕೆ ಇನ್ನೊಂದಿಷ್ಟು ಬೇಕಿತ್ತು’ ಅಂದರು. ಕೃಪೆಯೊಂದರಿಂದಲೇ ಎಂದು ವಾರವಾರ ಸಾರುವ ಬಾಯಿ ಅದು! ಕ್ರಿಯೆಗಳಿಂದಲ್ಲ, ನಂಬಿಕೆಯಿಂದ ಎಂದು ಲೂಥರ್ ಬಾಗಿಲು ತೆರೆದರೆ, ಆ ನಂಬಿಕೆಯನ್ನೇ ಕಿಲೋ ಲೆಕ್ಕದಲ್ಲಿ ತೂಗಿ ಹೊಸ ಕೂಲಿಯಾಗಿ ಮಾಡಿದ್ದೇವೆ. ಮಠದಲ್ಲಿದ್ದಾಗ ಲೂಥರ್ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ ಸ್ಟೌಪಿಟ್ಸ್ ಗುರುಗಳನ್ನು ದಣಿಸುತ್ತಿದ್ದನಂತೆ. ಅಂಥ ಜೀವಕ್ಕೆ ಬೆಳಗಿನ ಮಾತೂ ವಿಷವೇ.

ಸಿದ್ಧಾಂತದ ಮಟ್ಟದಲ್ಲಿ ರಾಜಿಯಾಗಿದೆ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಲೂಥರನ್ನರೂ ಕ್ಯಾಥೊಲಿಕರೂ ಒಂದೇ ಘೋಷಣೆಗೆ ಸಹಿ ಹಾಕಿದರು. 2006ರಲ್ಲಿ ವೆಸ್ಲಿಯ ಮೆಥಡಿಸ್ಟರೂ ಸೇರಿಕೊಂಡರು. ದೊಡ್ಡ ಕೆಲಸವೇ. ಆ ಕಾಗದವನ್ನು ನೆರೆಮನೆಯ ಅಕ್ಕನಿಗೆ ಓದಿ ಹೇಳುವ ಧೈರ್ಯ ಮಾತ್ರ ನನಗಿಲ್ಲ.

ಅವರು ಚರ್ಚಿಗೆ ಬರುವುದನ್ನು ಬಿಟ್ಟಿಲ್ಲ. ಕೊನೆಯ ಬೆಂಚು, ಹಾಡುವಾಗ ಪುಸ್ತಕ ತೆರೆಯುವುದಿಲ್ಲ, ಭೋಜನಕ್ಕೆ ಎಲ್ಲರೂ ಏಳುವಾಗ ಏಳುವುದಿಲ್ಲ. ಮೋಲ್ಟರನಾದರೆ ಅವರನ್ನು ಅವರ ಪಾಡಿಗೆ ಬಿಡುತ್ತಿದ್ದ, ವೆಸ್ಲಿ ಕೈಹಿಡಿದು ಕರೆಯುತ್ತಿದ್ದ. ನಾನು ಎರಡನ್ನೂ ಮಾಡದೆ ಅದೇ ಬೆಂಚಿನಲ್ಲಿ ಕೂರತೊಡಗಿದ್ದೇನೆ. ಹೋದ ತಿಂಗಳ ಮೊದಲ ಭಾನುವಾರ ಸಾಲು ಮುಗಿಯುತ್ತ ಬಂದಾಗ ಅವರು ಚಪ್ಪಲಿ ಬಿಟ್ಟು, ಸೆರಗು ತಲೆಗೆ ಎಳೆದುಕೊಂಡು ಎದ್ದರು. ನಾಲ್ಕು ಬೆಂಚು ದಾಟಿದರು, ನಿಂತರು, ತಿರುಗಿ ಬಂದು ಕೂತರು. ಸಭಾಪಾಲಕರು ನೋಡಿದರೇನೋ. ರೊಟ್ಟಿಯ ತಟ್ಟೆಯನ್ನು ಮುಚ್ಚದೆ, ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ನಿಂತಿದ್ದರು.