ಹೆಸರು ನಿಮ್ಮದು, ಸಾಲ ಮನೆಯವರದು

ಹಲಸೂರಿನ ಬಜಾರ್ ಸ್ಟ್ರೀಟ್ ಹಿಂದಿನ ಓಣಿಗಳಲ್ಲಾಗಲಿ, ಮರ್ಫಿ ಟೌನಿನ ಪುಟ್ಟ ಮನೆಗಳಲ್ಲಾಗಲಿ, ಸಾಮಾನ್ಯವಾಗಿ ಮನೆಗೊಂದೇ ಬೀರು. ಮನೆಪತ್ರ, ಪೆನ್ಷನ್ ಪುಸ್ತಕ, ಎಲ್ಲರ ಆಧಾರ್, ಪ್ಯಾನ್, ಪಾಸ್‌ಬುಕ್, ಎಲ್ಲವೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ. ಬೀಗದ ಕೈ ಎಲ್ಲಿರುತ್ತದೆಂದು ಮನೆಯ ಚಿಕ್ಕ ಮಕ್ಕಳಿಗೂ ಗೊತ್ತು. ಅಮ್ಮನ ಫೋನಿಗೆ ಲಾಕ್ ಹಾಕಿಕೊಟ್ಟವನು ಮಗ. ಅಪ್ಪನ ಯುಪಿಐ ಪಿನ್ ಸೆಟ್ ಮಾಡಿಕೊಟ್ಟವನು ಅಳಿಯ. ಅಪರಿಚಿತರಿಗೆ ಓಟಿಪಿ ಹೇಳಬೇಡಿ ಎಂದು ಬ್ಯಾಂಕುಗಳೂ ಪೊಲೀಸರೂ ದಿನಬೆಳಗಾದರೆ ಸಾರುತ್ತಾರೆ. ಪಕ್ಕದಲ್ಲೇ ಕೂತು ಊಟ ಮಾಡುವವನು ಕೇಳಿದರೆ ಏನು ಮಾಡಬೇಕು ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಇದು ನಡೆಯುವ ರೀತಿ ಸರಳ. ಮಗನಿಗೆ ಎಲ್ಲೂ ಸಾಲ ಹುಟ್ಟುವುದಿಲ್ಲ, ಅವನ ಸಿಬಿಲ್ ಸ್ಕೋರ್ ಆಗಲೇ ನೆಲ ಕಚ್ಚಿದೆ. ಅಮ್ಮ ಜೀವಮಾನದಲ್ಲಿ ಒಂದು ಕಂತೂ ತಪ್ಪಿಸಿದವಳಲ್ಲ. ಅವಳ ಫೋನಿನಲ್ಲೇ ಸಾಲದ ಆ್ಯಪ್ ಇಳಿಯುತ್ತದೆ. ‘ಅಮ್ಮಾ, ಇಲ್ನೋಡು, ಒಂದ್ಸಲ ಕಣ್ಣು ಮಿಟುಕಿಸು, ಪೆನ್ಷನ್‌ಗೆ ಬೇಕಂತೆ’ ಎನ್ನುತ್ತಾನೆ. ಹಲಸೂರಿನ ಸುತ್ತಮುತ್ತ ಮದ್ರಾಸ್ ಸ್ಯಾಪರ್ಸ್‌ನಿಂದ ನಿವೃತ್ತರಾದ ಕುಟುಂಬಗಳಿವೆ. ಜೀವನ ಪ್ರಮಾಣಪತ್ರಕ್ಕಾಗಿ ಫೋನಿಗೆ ಮುಖ ತೋರಿಸುವುದು ಈಗ ಪಿಂಚಣಿದಾರರಿಗೆ ರೂಢಿಯಾಗಿದೆ. ಅನುಮಾನ ಬರುವುದಾದರೂ ಹೇಗೆ? ಸಾಲದ ಹಣ ಸಾಲಗಾರರ ಖಾತೆಗೇ ನೇರವಾಗಿ ಹೋಗಬೇಕೆಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ಡಿಜಿಟಲ್ ಸಾಲಗಳಿಗೆ ನಿಯಮ ಮಾಡಿತು. ಹಣ ಅಮ್ಮನ ಖಾತೆಗೇ ಬರುತ್ತದೆ, ನಿಯಮ ಪಾಲನೆಯಾಯಿತು. ಅದೇ ಫೋನಿನಿಂದ ಅದೇ ಗಳಿಗೆಯಲ್ಲಿ ಹೊರಗೂ ಹೋಗುತ್ತದೆ. ವಸೂಲಿಯವನು ಬಾಗಿಲು ತಟ್ಟಿದ ದಿನ ಅಮ್ಮನಿಗೆ ತಾನು ಸಾಲಗಾರಳೆಂದು ತಿಳಿಯುತ್ತದೆ.

ನಮ್ಮ ಮನೆಗಳಲ್ಲಿ ‘ನಿನ್ನದು, ನನ್ನದು’ ಎಂಬ ಲೆಕ್ಕವಿಲ್ಲ ಎಂದು ಹೆಮ್ಮೆಪಡುತ್ತೇವೆ. ಬ್ಯಾಂಕಿನ ಕಣ್ಣಿಗೆ ಅಂಥ ಮನೆಯೇ ಇಲ್ಲ. 2013ರ ನವೆಂಬರ್‌ನಲ್ಲಿ ನಮ್ಮ ಪೂರ್ವ ಬೆಂಗಳೂರಿನದೇ ಮಾರತ್ತಹಳ್ಳಿಯಲ್ಲಿ ಹೆರಿಗೆ ರಜೆಯಲ್ಲಿದ್ದ ಮಹಿಳೆಯೊಬ್ಬರು ಡೆಬಿಟ್ ಕಾರ್ಡ್ ಮತ್ತು ಪಿನ್ ಕೊಟ್ಟು ಪತಿಯನ್ನು ಎಟಿಎಂಗೆ ಕಳಿಸಿದರು. ₹25,000 ಖಾತೆಯಿಂದ ಕಡಿತವಾಯಿತು, ಯಂತ್ರದಿಂದ ಹಣ ಬರಲಿಲ್ಲ. ಅಲ್ಲಿ ಮೋಸವೂ ಇರಲಿಲ್ಲ, ಕಳ್ಳನೂ ಇರಲಿಲ್ಲ. ಆದರೂ ಪಿನ್ ಹಂಚಿಕೊಂಡಿದ್ದು ನಿಯಮದ ಉಲ್ಲಂಘನೆ ಎಂದಿತು ಸ್ಟೇಟ್ ಬ್ಯಾಂಕ್. ಗಂಡನ ಕೈಗೆ ಸೆಲ್ಫ್ ಚೆಕ್ ಅಥವಾ ಅಧಿಕಾರಪತ್ರ ಕೊಟ್ಟು ಕಳಿಸಬೇಕಿತ್ತು ಎಂದು ಬೆಂಗಳೂರಿನ ಗ್ರಾಹಕರ ವೇದಿಕೆ 2018ರಲ್ಲಿ ಬ್ಯಾಂಕಿನ ಪರ ತೀರ್ಪು ಕೊಟ್ಟಿತು. ಬಾಣಂತಿ ಹೆಂಡತಿಯ ಕಾರ್ಡನ್ನು ಗಂಡ ಒಯ್ದರೂ ಕಾನೂನಿಗೆ ಅವನು ಮೂರನೆಯವನೇ. ತೀರ್ಪು ಕಠೋರ ಅನ್ನಿಸಬಹುದು. ಇನ್ನೊಂದು ಕಡೆಯಿಂದ ನೋಡಿದರೆ ಅದರಲ್ಲೇ ನಮಗೊಂದು ಆಸರೆಯಿದೆ: ಗಂಡ, ಮಗ, ಅಣ್ಣ, ಯಾರಿಗೂ ನಿಮ್ಮ ಹೆಸರಿನ ಮೇಲೆ ಹುಟ್ಟಿನಿಂದ ಬಂದ ಹಕ್ಕಿಲ್ಲ.

ವಿಷಯ ಹೊರಬಿದ್ದ ಮೇಲೆ ಮನೆಯಲ್ಲಿ ನಡೆಯುವುದು ಪಂಚಾಯಿತಿ. ದೊಡ್ಡಪ್ಪ ಬರುತ್ತಾರೆ, ಸೋದರಮಾವ ಬರುತ್ತಾರೆ. ‘ನಮ್ಮ ಹುಡುಗನೇ ಅಲ್ವಾ, ಹೊಟ್ಟೆಗೆ ಹಾಕ್ಕೊಂಡ್ಬಿಡು. ಸ್ಟೇಷನ್ ಮೆಟ್ಟಿಲು ಹತ್ತಿದರೆ ನಾಳೆ ಅವನಿಗೆ ಹೆಣ್ಣು ಕೊಡೋರ್ಯಾರು?’ ಒಡವೆ ಅಡವಿಟ್ಟು ಕಂತು ಕಟ್ಟುವುದೆಂದು ತೀರ್ಮಾನವಾಗುತ್ತದೆ. ಮನೆ ಮಾತು ಹೊಸಿಲು ದಾಟಲಿಲ್ಲ, ಮರ್ಯಾದೆ ಉಳಿಯಿತು.

ಉಳಿಯದೇ ಹೋಗುವುದು ಸಾಲ ಹೊತ್ತವರ ಹೆಸರು. ಒಂದೆರಡು ಕಂತು ಕಟ್ಟಿದ ಮೇಲೆ ‘ಇದು ನನ್ನ ಸಾಲವಲ್ಲ’ ಎಂದರೆ, ‘ಹಾಗಾದರೆ ಕಟ್ಟಿದ್ದೇಕೆ?’ ಎಂದು ಸಾಲ ಕೊಟ್ಟವರು ಕೇಳುತ್ತಾರೆ. ಕಡಿಮೆ ಮೊತ್ತಕ್ಕೆ ಚೌಕಾಸಿ ಮಾಡಿ ಮುಗಿಸಿದರೆ ದಾಖಲೆಯಲ್ಲಿ ‘ಸೆಟಲ್ಡ್’ ಎಂದು ಬೀಳುತ್ತದೆ. ಪೂರ್ತಿ ತೀರಿಸಲಾಗದವರು ಎಂದೇ ಮುಂದಿನ ಬ್ಯಾಂಕು ಅದನ್ನು ಓದುತ್ತದೆ. ಇಂಥ ದಾಖಲೆಯನ್ನು ಸಾಲಮಾಹಿತಿ ಸಂಸ್ಥೆಗಳು ಕನಿಷ್ಠ 7 ವರ್ಷ ಇಟ್ಟುಕೊಳ್ಳುತ್ತವೆ. ದೊಡ್ಡಪ್ಪನ ಪಂಚಾಯಿತಿಯ ತೀರ್ಪು ಅಲ್ಲಿ ನಡೆಯುವುದಿಲ್ಲ. ಅಮ್ಮ ಕ್ಷಮಿಸಿದ್ದಾಳೆ ಎಂದು ಬರೆಯಲು ಸಿಬಿಲ್ ವರದಿಯಲ್ಲಿ ಜಾಗವೂ ಇಲ್ಲ.

ದೂರಿಗೆ ಹೆದರುವವರು ಕಾನೂನು ನಿಜಕ್ಕೂ ಏನು ಹೇಳುತ್ತದೆ ಎಂದು ನೋಡಬೇಕು. ಇನ್ನೊಬ್ಬರ ಪಾಸ್‌ವರ್ಡ್, ಎಲೆಕ್ಟ್ರಾನಿಕ್ ಸಹಿ ಅಥವಾ ಅವರನ್ನು ಗುರುತಿಸುವ ಬೇರಾವುದೇ ವಿಶಿಷ್ಟ ಗುರುತನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಅಪರಾಧ. 3 ವರ್ಷದವರೆಗೆ ಸಜೆ, ₹1 ಲಕ್ಷದವರೆಗೆ ದಂಡ. ಆದರೆ ಇದು ಜಾಮೀನು ಸಿಗುವ ಅಪರಾಧ. ಮೊದಲ ಸಲ ತಪ್ಪು ಮಾಡಿದವರನ್ನು ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುವ ಅಧಿಕಾರ 1958ರ ಪರಿವೀಕ್ಷಣಾ ಕಾಯ್ದೆಯಲ್ಲಿ ನ್ಯಾಯಾಲಯಕ್ಕಿದೆ. ಸಹಿ ನಕಲು ಮಾಡಿದ್ದರೆ, ಸುಳ್ಳು ಪತ್ರ ಸೃಷ್ಟಿಸಿದ್ದರೆ ಭಾರತೀಯ ನ್ಯಾಯ ಸಂಹಿತೆಯ ಹೆಚ್ಚು ಬಿಗಿಯಾದ ಕಲಮುಗಳೂ ಬರುತ್ತವೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ದೂರು ಕೊಟ್ಟ ಮಾತ್ರಕ್ಕೆ ಹುಡುಗನ ಬಾಳೇ ಮುಗಿಯಿತು ಎಂಬ ಪಂಚಾಯಿತಿಯ ಮಾತಿಗೆ ಕಾನೂನಿನಲ್ಲಿ ಆಧಾರವಿಲ್ಲ.

ಮಾಹಿತಿ ತಂತ್ರಜ್ಞಾನ ಕಾಯ್ದೆಯ 77ಎ ಕಲಮು ಇನ್ನೂ ಕುತೂಹಲದ್ದು. ಇಂಥ ಅಪರಾಧಗಳನ್ನು ನ್ಯಾಯಾಲಯದಲ್ಲಿ ರಾಜಿ ಮಾಡಿಕೊಳ್ಳಲು ಅದು ಅವಕಾಶ ಕೊಡುತ್ತದೆ. ಆದರೆ ಅನ್ಯಾಯಕ್ಕೆ ಒಳಗಾದವರು ಹೆಂಗಸು ಅಥವಾ 18 ವರ್ಷದೊಳಗಿನ ಮಗು ಆಗಿದ್ದರೆ ಆ ರಾಜಿ ಇಲ್ಲ. ‘ಹೋಗ್ಲಿ ಬಿಡಮ್ಮ’ ಎಂದು ಹತ್ತು ಜನ ಸುತ್ತುವರಿಯುವುದು ಯಾರನ್ನು ಎಂಬುದು ಕಾಯ್ದೆ ಬರೆದವರಿಗೆ ಗೊತ್ತಿದ್ದಂತಿದೆ.

ಇನ್ನು ದಾರಿ. ಹಣ ಹೋಗಿರುವುದು ಈಗಷ್ಟೇ ಗೊತ್ತಾಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು, ಜೊತೆಗೇ ಬ್ಯಾಂಕಿಗೆ ಲಿಖಿತ ದೂರು. ಪಿನ್ ಹಂಚಿಕೊಂಡಿದ್ದರೆ ಅಲ್ಲಿಯವರೆಗಿನ ನಷ್ಟ ಗ್ರಾಹಕರದೇ. ದೂರು ದಾಖಲಾದ ಮೇಲೆ ಆಗುವ ನಷ್ಟ ಮಾತ್ರ ಬ್ಯಾಂಕಿನದು ಎನ್ನುತ್ತದೆ ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ. ಪಂಚಾಯಿತಿಗೆಂದು ಕಳೆಯುವ ಒಂದೊಂದು ದಿನವೂ ನಿಮ್ಮ ಲೆಕ್ಕಕ್ಕೇ ಬೀಳುತ್ತದೆ. ಆಮೇಲೆ ಪೊಲೀಸ್ ಠಾಣೆ. ಹೆಸರು ನೋಡಿ ಹಲಸೂರು ಗೇಟ್ ಠಾಣೆಗೆ ಹೋಗಬೇಡಿ, ಅದಿರುವುದು ಪೇಟೆಯ ಕಡೆ. ಹಾಗೆ ಹೋದರೂ ‘ನಮ್ಮ ವ್ಯಾಪ್ತಿಯಲ್ಲ’ ಎಂದು ವಾಪಸ್ ಕಳಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಮಾಹಿತಿಯನ್ನು ದಾಖಲಿಸಿಕೊಳ್ಳಬೇಕು. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ತೆರೆದದ್ದು ಇದೇ ಬೆಂಗಳೂರಿನಲ್ಲಿ. ‘ಇದು ನಿಮ್ಮ ಮನೆ ಜಗಳ, ಮನೆಯಲ್ಲೇ ಮುಗಿಸ್ಕೊಳ್ಳಿ’ ಎಂಬ ಮಾತು ಈ ಊರಿನ ಠಾಣೆಗಳಲ್ಲಿ ಕೇಳಬಾರದು.

ಎಫ್‌ಐಆರ್ ಪ್ರತಿ ಕೈಗೆ ಬಂದಮೇಲೆ ನಿಜವಾದ ಕೆಲಸ ಶುರು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್, ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಒಂದರಲ್ಲಿ ತಿದ್ದಿದರೆ ಉಳಿದ ಮೂರರಲ್ಲಿ ತಾನಾಗಿ ತಿದ್ದಿಹೋಗುತ್ತದೆ ಎಂದುಕೊಳ್ಳಬೇಡಿ. ‘ಈ ಖಾತೆ ನನ್ನದಲ್ಲ’ ಎಂದು ನಾಲ್ಕಕ್ಕೂ, ಸಾಲ ಕೊಟ್ಟ ಸಂಸ್ಥೆಗೂ ಎಫ್‌ಐಆರ್ ಪ್ರತಿಯೊಂದಿಗೆ ತಕರಾರು ಸಲ್ಲಿಸಿ. 30 ದಿನದೊಳಗೆ ಅವರು ಇತ್ಯರ್ಥಪಡಿಸಬೇಕು. ತಪ್ಪಿದರೆ ನಂತರದ ಪ್ರತಿ ದಿನಕ್ಕೆ ₹100ರಂತೆ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆಗಲೂ ಕೆಲಸವಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಶುಲ್ಕವಿಲ್ಲ, ವಕೀಲರೂ ಬೇಡ.

ಸಾಲ ಒಂದೇ ಅಲ್ಲ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದು 2023ರಲ್ಲಿ ಬಂದ ಸಂಚಾರ್ ಸಾಥಿ ಪೋರ್ಟಲ್ ತೋರಿಸುತ್ತದೆ, ನಿಮ್ಮದಲ್ಲದ್ದನ್ನು ಅಲ್ಲೇ ಕೈಬಿಡಬಹುದು. ನಿಮ್ಮ ಪ್ಯಾನ್ ಮೇಲೆ ಯಾರಾದರೂ ವ್ಯಾಪಾರ ನಡೆಸುತ್ತಿದ್ದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಹಾಕಿ ಹುಡುಕಬಹುದು. ಆಧಾರ್‌ನ ಬಯೋಮೆಟ್ರಿಕ್‌ಗೆ ಬೀಗ ಹಾಕಬಹುದು, ಹಿಂದಿನ 6 ತಿಂಗಳಲ್ಲಿ ಅದನ್ನು ಎಲ್ಲೆಲ್ಲಿ ಬಳಸಲಾಗಿದೆ ಎಂದೂ ನೋಡಬಹುದು. ಇವೆಲ್ಲಕ್ಕಿಂತ ಮೊದಲು ಆಧಾರ್‌ಗೂ ಬ್ಯಾಂಕಿಗೂ ಜೋಡಿಸಿರುವ ಮೊಬೈಲ್ ಸಂಖ್ಯೆ ನಿಮ್ಮ ಕೈಯಲ್ಲೇ ಇರುವ ಫೋನಿನದಾಗಬೇಕು. ಮಗನ ನಂಬರೇ ಎಲ್ಲ ಕಡೆ ಇದ್ದರೆ ಬೀಗ ಹಾಕಿ ಬೀಗದ ಕೈಯನ್ನು ಅವನಿಗೇ ಕೊಟ್ಟಂತೆ.

ಇಷ್ಟೆಲ್ಲ ಓಡಾಟವನ್ನು ಮೋಸಹೋದವರ ಹೆಗಲಿಗೇ ಹೊರಿಸಿರುವುದು ಸರಿಯಲ್ಲ. ವ್ಯವಸ್ಥೆಯ ಗೊಂದಲಕ್ಕೆ ನಮ್ಮೂರಿನದೇ ನಿದರ್ಶನವಿದೆ. ಆಧಾರ್‌ನ ಜೆರಾಕ್ಸ್ ಸಿಕ್ಕಸಿಕ್ಕವರಿಗೆ ಕೊಡಬೇಡಿ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಎಂದು 2022ರ ಮೇ 27ರಂದು ಎಚ್ಚರಿಸಿದ್ದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ. ಜನ ತಪ್ಪು ತಿಳಿದಾರು ಎಂದು ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಹುಟ್ಟಿದ ದಿನಾಂಕ, ತಾಯಿಯ ಹೆಸರು, ವಿಳಾಸ ಹೇಳಿದವರನ್ನೇ ಖಾತೆದಾರರೆಂದು ನಂಬುವ ಪದ್ಧತಿ ಇನ್ನೂ ಹೋಗಿಲ್ಲ. ಇವೆಲ್ಲ ಮನೆಯವರಿಗೆ ಬಾಯಿಪಾಠ. ಅಮೆರಿಕದಲ್ಲಿ ಯಾರು ಬೇಕಾದರೂ ತಮ್ಮ ಸಾಲದ ದಾಖಲೆಗೆ ಬೀಗ ಹಾಕಿಸಬಹುದು. ಬೀಗ ತೆಗೆಯುವವರೆಗೆ ಆ ಹೆಸರಿನಲ್ಲಿ ಹೊಸ ಸಾಲ ಹುಟ್ಟುವುದು ಕಷ್ಟ. 2018ರಿಂದ ಅದು ಅಲ್ಲಿ ಉಚಿತ. ಕಾಯ್ದೆಯ ಬಲವಿರುವ ಅಂಥ ಉಚಿತ ಬೀಗ ನಮ್ಮಲ್ಲೂ ಬರಬೇಕು. 60 ದಾಟಿದವರ ಹೆಸರಿನಲ್ಲಿ ಆ್ಯಪ್ ಮೂಲಕ ಸಾಲ ಮಂಜೂರಾಗುವ ಮುಂಚೆ ಅವರೊಡನೆ ಕನ್ನಡದಲ್ಲೋ ಅವರಾಡುವ ಭಾಷೆಯಲ್ಲೋ ಒಂದು ಮಾತಾಡಿ ಖಚಿತಪಡಿಸಿಕೊಳ್ಳುವುದು ಸಾಲ ಕೊಡುವವರಿಗೆ ದೊಡ್ಡ ಹೊರೆಯೇನಲ್ಲ.

ಕಾಗದಪತ್ರ ಸರಿಹೋದರೂ ಮನಸ್ಸು ಸರಿಹೋಗಲು ಹೊತ್ತು ಹಿಡಿಯುತ್ತದೆ. ಅಮೆರಿಕದ ಇಂಡಿಯಾನಾದಲ್ಲಿ ಬೆಳೆದ ಆ್ಯಕ್ಸ್‌ಟನ್ ಬೆಟ್ಜ್ ಹ್ಯಾಮಿಲ್ಟನ್ ಎಂಬವರ ಹೆಸರನ್ನು ಅವರು ಬಾಲಕಿಯಾಗಿದ್ದಾಗಲೇ ಯಾರೋ ಬಳಸಿ ಸಾಲ ಮಾಡಿದ್ದರು. ಕಾಲೇಜಿಗೆ ಹೋದಮೇಲೆ ಅದು ಗೊತ್ತಾಯಿತು. ಅದೇ ಕಾರಣಕ್ಕೆ ಅವರು ಗುರುತಿನ ಕಳವನ್ನೇ ಅಧ್ಯಯನದ ವಿಷಯ ಮಾಡಿಕೊಂಡು ಪ್ರಾಧ್ಯಾಪಕಿಯೂ ಆದರು. ಕಳ್ಳರು ಯಾರೆಂದು ತಿಳಿದದ್ದು 2013ರಲ್ಲಿ, ತಾಯಿ ತೀರಿಕೊಂಡ ಮೇಲೆ. ಹಡೆದ ತಾಯಿಯೇ ಮಗಳ, ಗಂಡನ, ಮಾವನ ಹೆಸರುಗಳನ್ನು ಬಳಸಿದ್ದರು. ಈ ಅನುಭವವನ್ನು ಅವರು 2019ರಲ್ಲಿ ಪುಸ್ತಕವಾಗಿ ಬರೆದರು. ವಿಷಯ ಬಲ್ಲ ತಜ್ಞೆಗೇ ತನ್ನ ಮನೆಯ ಕಳ್ಳ ಕಾಣಲಿಲ್ಲವೆಂದರೆ, ‘ನಿನಗೆ ಅಷ್ಟೂ ಗೊತ್ತಾಗಲಿಲ್ವಾ?’ ಎಂದು ನಮ್ಮ ಅಮ್ಮಂದಿರನ್ನು ಕೇಳುವ ಹಕ್ಕು ಯಾರಿಗೂ ಇಲ್ಲ. ನಂಬಿದವರ ತಪ್ಪಲ್ಲ ಅದು, ನಂಬಿಕೆಯನ್ನು ಮಾರಿಕೊಂಡವರದು.

ಹುಡುಗನನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಆನ್‌ಲೈನ್ ಜೂಜಿನ ಚಟವೇ ಇದರ ಹಿಂದಿದ್ದರೆ ಚಿಕಿತ್ಸೆಗೆ ನಿಮ್ಹಾನ್ಸ್ ಇದೆ. ತಂತ್ರಜ್ಞಾನದ ಗೀಳಿಗೆಂದೇ ಅಲ್ಲಿ 2014ರಿಂದ ಪ್ರತ್ಯೇಕ ಕ್ಲಿನಿಕ್ ನಡೆಯುತ್ತಿದೆ. ಗಂಡನಿಂದಲೇ ಹೀಗಾಗಿದ್ದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಆರ್ಥಿಕ ಶೋಷಣೆಯನ್ನೂ ದೌರ್ಜನ್ಯವೆಂದೇ ಎಣಿಸುತ್ತದೆ. ವಯಸ್ಸಾದವರು ಬೆಂಗಳೂರಿನ ಹಿರಿಯರ ಸಹಾಯವಾಣಿ 1090ಕ್ಕೆ ಹೇಳಿಕೊಳ್ಳಬಹುದು. ಮಗನನ್ನು ಪೊರೆಯುವುದು ಬೇರೆ, ಅವನ ಸಾಲಕ್ಕೆ ಹೆಸರು ಒತ್ತೆಯಿಡುವುದು ಬೇರೆ. ಮೊದಲನೆಯದು ತಾಯಿಯ ಇಷ್ಟ. ಎರಡನೆಯದನ್ನು ಅವಳಿಂದ ಕೇಳುವ ಅಧಿಕಾರ ಯಾವ ಪಂಚಾಯಿತಿಗೂ ಇಲ್ಲ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಈ ವಾರ ನಿಮ್ಮ ಹೆಸರಿನ ಸಾಲದ ವರದಿ ತೆಗೆದು ನೋಡಿ, ಮನೆಯ ಹಿರಿಯರಿಗೂ ತೆಗೆದುಕೊಟ್ಟು ಅವರ ಕೈಯಲ್ಲೇ ಇಡಿ. ನಿಮ್ಮದಲ್ಲದ ಸಾಲ ಕಂಡರೆ ಒಂದು ಕಂತನ್ನೂ ಕಟ್ಟುವ ಮೊದಲು ದೂರು ಬರೆಯಿರಿ. ಕ್ಷಮಿಸುವುದಾದರೆ ಆಮೇಲೂ ಕ್ಷಮಿಸಬಹುದು.