ಪೆಡಲ್ ಯಾಕೆ ಸ್ಪಂಜಿನಂತಾಯಿತು?

ಮಕ್ಕಳೇ, ಈ ವಾರ ನಮ್ಮ ಅಂಕಣಕ್ಕೆ ಬಂದಿರುವ ರೋಗಿಗೆ ಮೂವತ್ತು ವರ್ಷ ದಾಟಿದೆ. ಹೆಸರು ಕಾಂಟೆಸ್ಸಾ. ಅದೇನೆಂದು ಗೊತ್ತಿಲ್ಲದಿದ್ದರೆ ಅಜ್ಜನನ್ನು ಕೇಳಿ, ಅವರ ಮುಖ ಅರಳುತ್ತದೆ. ಅಂಬಾಸಿಡರ್ ತಯಾರಿಸುತ್ತಿದ್ದ ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯೇ 1980ರ ದಶಕದಲ್ಲಿ ರಸ್ತೆಗಿಳಿಸಿದ ಉದ್ದನೆಯ, ಗತ್ತಿನ ಕಾರು ಅದು.

ನಮ್ಮ ಬೀದಿಯ ಒಂದು ಮನೆಯವರು ಅದನ್ನು ಇಂದಿಗೂ ಮುದ್ದಿನಿಂದ ಇಟ್ಟುಕೊಂಡಿದ್ದಾರೆ. ವರ್ಷಕ್ಕೆರಡು ಸಲ ಅಜ್ಜ, ಅಜ್ಜಿ, ಮೊಮ್ಮಗಳು ಎಲ್ಲರೂ ಚಾರ್ಮಾಡಿ ಘಾಟಿ ಇಳಿದು ಊರಿಗೆ ಹೋಗುವುದು ಅದರಲ್ಲೇ. ಅದರ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಹಿಂದಿನವಕ್ಕೆ ಡ್ರಮ್ ಬ್ರೇಕ್. ಇಳಿಜಾರಿನಲ್ಲಿ ಇನ್ನಷ್ಟು ಭದ್ರವಾಗಿರಲಿ ಎಂದು ಹಿಂದಕ್ಕೂ ಡಿಸ್ಕ್ ಹಾಕಿಸಿದರು. ಹಾಕಿಸಿಕೊಂಡು ಬಂದ ದಿನವೇ ತೊಂದರೆ ಶುರು. ಪೆಡಲ್ ಒತ್ತಿದರೆ ಸ್ಪಂಜು ಒತ್ತಿದಂತೆ ಮೆತ್ತಗೆ ಒಳಗೆ ಹೋಗುತ್ತಿತ್ತು. ಗ್ಯಾರೇಜಿನವರು ನಾಲ್ಕು ಸಲ ಏರ್ ತೆಗೆದರೂ ಗುಣವಾಗಲಿಲ್ಲ. ಊರಿನ ಹಬ್ಬಕ್ಕೆ ಎಂಟೇ ದಿನ ಉಳಿದಾಗ ನನ್ನನ್ನು ಕರೆದರು.

ಕಾಯಿಲೆ ಹುಡುಕುವ ಮೊದಲು ಡ್ರಮ್ ಎಂದರೇನು, ಡಿಸ್ಕ್ ಎಂದರೇನು ತಿಳಿಯೋಣ. ಒಂದು ತಪ್ಪಲೆಯೊಳಗೆ ಎರಡೂ ಕೈ ಇಳಿಸಿ, ಅಗಲಿಸಿ, ಒಳಗೋಡೆಯನ್ನು ಒತ್ತಿ ಹಿಡಿದರೆ ಅದು ಡ್ರಮ್ ಬ್ರೇಕ್. ತಿರುಗುವ ತಟ್ಟೆಯ ಅಂಚನ್ನು ಎರಡು ಬೆರಳಿನ ನಡುವೆ ಚಿವುಟಿ ಹಿಡಿದರೆ ಅದು ಡಿಸ್ಕ್ ಬ್ರೇಕ್. ನಿಮ್ಮ ಸೈಕಲ್ಲಿನ ರಬ್ಬರ್ ಬ್ರೇಕ್ ಚಕ್ರದ ರಿಮ್ಮನ್ನು ಹಿಡಿಯುವುದೂ ಹೀಗೆಯೇ. ಡ್ರಮ್ಮಿನ ಬಿಸಿ ಒಳಗೇ ಕೂಡಿಕೊಳ್ಳುತ್ತದೆ. ಡಿಸ್ಕ್ ಗಾಳಿಗೆ ತೆರೆದುಕೊಂಡಿರುವುದರಿಂದ ಬೇಗ ಆರುತ್ತದೆ. ಉದ್ದನೆಯ ಘಾಟಿಯಲ್ಲಿ ಇದರ ಲಾಭ ದೊಡ್ಡದು.

ಪೆಡಲಿನಿಂದ ಚಕ್ರದವರೆಗೆ ನಮ್ಮ ಕಾಲಿನ ಬಲವನ್ನು ಒಯ್ಯುವುದು ಬ್ರೇಕ್ ಎಣ್ಣೆ. ಇದಕ್ಕೆ ಪ್ಯಾಸ್ಕಲ್ ನಿಯಮ ಆಧಾರ. 17ನೇ ಶತಮಾನದ ಫ್ರೆಂಚ್ ವಿಜ್ಞಾನಿ ಬ್ಲೇಸ್ ಪ್ಯಾಸ್ಕಲ್ ಕಂಡುಕೊಂಡದ್ದು ಇಷ್ಟು: ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ. ಸೂಜಿಯಿಲ್ಲದ ಎರಡು ಸಿರಿಂಜುಗಳನ್ನು ಸಣ್ಣ ಕೊಳವೆಯಿಂದ ಜೋಡಿಸಿ, ನೀರು ತುಂಬಿ ಒತ್ತಿ ನೋಡಿ. ಒಂದನ್ನು ಒತ್ತಿದ ಕೂಡಲೇ ಇನ್ನೊಂದು ಹೊರಬರುತ್ತದೆ. ಈಗ ಒಳಗೆ ಒಂದು ಗಾಳಿಗುಳ್ಳೆ ಸೇರಿಸಿ ಮತ್ತೆ ಒತ್ತಿ. ಮೊದಲು ಗುಳ್ಳೆ ಕುಗ್ಗುತ್ತದೆ, ಆಮೇಲೆ ಅತ್ತ ಕಡೆ ಅಲುಗುತ್ತದೆ. ಬೆರಳಿಗೆ ಮೆತ್ತಗೆ ಅನ್ನಿಸುತ್ತದೆ. ಸ್ಪಂಜಿನ ಪೆಡಲ್ ಎಂದರೆ ಇದೇ.

ಇನ್ನು ರೋಗಿಯ ಹತ್ತಿರ ಹೋಗೋಣ. ಬ್ರೇಕಿನ ವಿಷಯದಲ್ಲಿ ಊಹೆ ಮಾಡಬಾರದು, ಒಂದೊಂದೇ ಪ್ರಶ್ನೆ ಕೇಳಬೇಕು. ಮೊದಲ ಪ್ರಶ್ನೆ: ಒತ್ತಿ ಹಿಡಿದ ಪೆಡಲ್ ನಿಧಾನವಾಗಿ ಇಳಿಯುತ್ತಲೇ ಹೋಗುತ್ತದೆಯೇ? ಹಾಗಿದ್ದರೆ ಎಣ್ಣೆ ಎಲ್ಲೋ ಹೊರಗೆ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗೆ ರಬ್ಬರ್ ಸವೆದು ಎಣ್ಣೆ ಹಿಂದಕ್ಕೆ ನುಸುಳುತ್ತಿದೆ. ಈ ಕಾರಿನಲ್ಲಿ ಪೆಡಲ್ ಇಳಿಯಲಿಲ್ಲ. ಎರಡನೇ ಪ್ರಶ್ನೆ: ಬೇಗ ಬೇಗ ನಾಲ್ಕು ಸಲ ತುಳಿದರೆ ಪೆಡಲ್ ಮೇಲೆ ಬಂದು ಗಟ್ಟಿಯಾಗುತ್ತದೆಯೇ? ಹೌದು, ಆಯಿತು. ಅಂದರೆ ಒಳಗೆ ಗಾಳಿ ಇದೆ, ಅಥವಾ ಬ್ರೇಕ್ ಪ್ಯಾಡ್ ಡಿಸ್ಕಿನಿಂದ ತುಂಬಾ ದೂರ ನಿಂತಿದೆ, ಅಥವಾ ಎರಡೂ.

ನಾಲ್ಕು ಸಲ ತೆಗೆದರೂ ಹೋಗದ ಗಾಳಿ ಎಲ್ಲಿ ಅಡಗಿರಬಹುದು? ಹಿಂದಿನ ಚಕ್ರ ಬಿಚ್ಚಿ, ಡಿಸ್ಕನ್ನು ಚಿವುಟುವ ಕ್ಯಾಲಿಪರನ್ನು ಆ ಮನೆಯ ಮೊಮ್ಮಗಳಿಗೆ ತೋರಿಸಿದೆ. ಅವಳು ಒಂಬತ್ತನೇ ತರಗತಿ. “ಗಾಳಿ ಹೊರಬರುವ ನಿಪ್ಪಲ್ ಇದು” ಎಂದೆ. ಅವಳು ಬಗ್ಗಿ ನೋಡಿ, “ಗುಳ್ಳೆ ಮೇಲಕ್ಕೆ ಏರುತ್ತಲ್ಲ, ಇದು ಕೆಳಗಿದೆಯಲ್ಲ?” ಎಂದಳು. ಅಷ್ಟೇ ವಿಷಯ! ಎಡಗಡೆಯ ಕ್ಯಾಲಿಪರ್ ಬಲಕ್ಕೆ, ಬಲಗಡೆಯದು ಎಡಕ್ಕೆ ಕೂತಿತ್ತು. ಎರಡೂ ನೋಡಲು ಅವಳಿ ಜವಳಿ, ತಿರುಪುಗಳೂ ಸರಿಯಾಗಿ ಹಿಡಿಯುತ್ತವೆ. ಆದರೆ ನಿಪ್ಪಲ್ ಮೇಲಿರಬೇಕಾದದ್ದು ಕೆಳಗೆ ಬಂದಿತ್ತು. ಎಣ್ಣೆ ಎಷ್ಟು ಹರಿಸಿದರೂ ಗಾಳಿ ಅಟ್ಟದ ಮೇಲೆ ಕುಳಿತ ಬೆಕ್ಕಿನಂತೆ ಮೇಲೇ ಉಳಿದಿತ್ತು. ಅದಲು ಬದಲು ಮಾಡಿ ಕೂರಿಸಿ ಏರ್ ತೆಗೆದೆವು. ಪಾರದರ್ಶಕ ಕೊಳವೆಯಲ್ಲಿ ಗುಳ್ಳೆಗಳ ಸಾಲು ಹೊರಟಿತು.

ಪೆಡಲ್ ಗಟ್ಟಿಯಾಯಿತು, ಆದರೆ ಇನ್ನೂ ಅರ್ಧ ದಾರಿ ಒಳಗೆ ಹೋದ ಮೇಲೆ ಹಿಡಿಯುತ್ತಿತ್ತು. ಇದು ಎರಡನೇ ಕಾಯಿಲೆ. ಹೊಸ ಕ್ಯಾಲಿಪರಿನ ಒಳಗೇ ಹ್ಯಾಂಡ್‌ಬ್ರೇಕಿನ ಯಂತ್ರವೂ ಇತ್ತು. ಇಂಥ ಕ್ಯಾಲಿಪರಿನಲ್ಲಿ ಪ್ಯಾಡ್ ಸವೆದಂತೆ ಪಿಸ್ಟನ್ನನ್ನು ಮುಂದೆ ತರುವ ಸಣ್ಣ ತಿರುಪಿನ ವ್ಯವಸ್ಥೆ ಇರುತ್ತದೆ. ಹ್ಯಾಂಡ್‌ಬ್ರೇಕಿನ ಸನ್ನೆ ಪೂರ್ತಿ ಹಿಂದಕ್ಕೆ ಬಂದು ಕೂತರೆ ಮಾತ್ರ ಅದು ಸರಿಯಾಗಿ ಕೆಲಸ ಮಾಡುತ್ತದೆ. ಇಲ್ಲಿ ಹ್ಯಾಂಡ್‌ಬ್ರೇಕ್ ಚೆನ್ನಾಗಿ ಹಿಡಿಯಲಿ ಎಂದು ಕೇಬಲನ್ನು ಮೊದಲೇ ಎಳೆದು ಬಿಗಿದಿದ್ದರು. ಸನ್ನೆ ಅರ್ಧದಲ್ಲೇ ನಿಂತಿತ್ತು. ಕೇಬಲ್ ಸಡಿಲಿಸಿ, ಸನ್ನೆ ಹಿಂದಕ್ಕೆ ಬಂದದ್ದನ್ನು ನೋಡಿ, ಪೆಡಲನ್ನೂ ಆಮೇಲೆ ಸನ್ನೆಯನ್ನೂ ಹಲವು ಸಲ ಆಡಿಸಿದೆವು. ಪ್ಯಾಡ್ ಡಿಸ್ಕಿನ ಪಕ್ಕಕ್ಕೆ ಬಂದು ನಿಂತಿತು. ಕೊನೆಗೆ ಕೇಬಲ್ ಹದ ಮಾಡಿದೆವು. ಪೆಡಲ್ ಮೇಲೆಯೇ ಹಿಡಿಯತೊಡಗಿತು.

ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಮಾತ್ರ “ಇನ್ನೂ ಮುಗಿದಿಲ್ಲ” ಎಂದೆ. ಪೆಡಲ್ ಗಟ್ಟಿಯಾದ ಮಾತ್ರಕ್ಕೆ ಬ್ರೇಕ್ ಸರಿಯಾಯಿತು ಎನ್ನಲಾಗದು. ಯಾಕೆ, ಒಂದು ಲೆಕ್ಕ ಮಾಡೋಣ. ಹಳೆಯ ಡ್ರಮ್ಮಿನ ಪಿಸ್ಟನ್ ವ್ಯಾಸ 19 ಮಿ.ಮೀ., ಹೊಸ ಕ್ಯಾಲಿಪರಿನದು 38 ಮಿ.ಮೀ. ವ್ಯಾಸ ಎರಡು ಪಟ್ಟಾದರೆ ವೃತ್ತದ ವಿಸ್ತೀರ್ಣ ನಾಲ್ಕು ಪಟ್ಟು. ಎಣ್ಣೆಯ ಒತ್ತಡ ಅಷ್ಟೇ ಇದ್ದರೂ ಪಿಸ್ಟನ್ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ! ಡ್ರಮ್ಮಿನಲ್ಲಿ ತಿರುಗುವ ಚಕ್ರವೇ ಬ್ರೇಕ್ ಶೂವನ್ನು ಇನ್ನಷ್ಟು ಒಳಗೆಳೆದುಕೊಂಡು ಸಹಾಯ ಮಾಡುತ್ತದೆ, ಡಿಸ್ಕಿಗೆ ಆ ಸಹಾಯವಿಲ್ಲ. ಆದ್ದರಿಂದ ನಿಜವಾದ ವ್ಯತ್ಯಾಸ ಇದಕ್ಕಿಂತ ಕಡಿಮೆ. ಆದರೂ ಹಿಂದಿನ ಬ್ರೇಕ್ ಬೇಕಾದುದಕ್ಕಿಂತ ಬಲವಾಗುವ ಅಪಾಯ ಇದ್ದೇ ಇತ್ತು.

ಬಲ ಹೆಚ್ಚಾದರೆ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಬಸ್ಸಿನಲ್ಲಿ ನಿಂತಾಗ ಡ್ರೈವರ್ ಬ್ರೇಕ್ ಹಾಕಿದರೆ ನೀವು ಮುಂದಕ್ಕೆ ವಾಲುತ್ತೀರಿ. ಕಾರಿನ ಭಾರವೂ ಹಾಗೆಯೇ ಮುಂದಕ್ಕೆ ವಾಲುತ್ತದೆ. ಮುಂದಿನ ಚಕ್ರಗಳು ನೆಲವನ್ನು ಅದುಮಿ ಹಿಡಿಯುತ್ತವೆ, ಹಿಂದಿನವು ಹಗುರಾಗುತ್ತವೆ. ಹಗುರಾದ ಚಕ್ರವನ್ನು ಬಲವಾಗಿ ಹಿಡಿದರೆ ಅದು ತಿರುಗುವುದನ್ನು ನಿಲ್ಲಿಸಿ ಜಾರುತ್ತದೆ. ಹಿಂದಿನ ಚಕ್ರಗಳು ಮೊದಲು ಜಾರಿದರೆ ಕಾರಿನ ಬಾಲ ಪಕ್ಕಕ್ಕೆ ಹೊರಳುತ್ತದೆ. ಘಾಟಿಯ ಒದ್ದೆ ತಿರುವಿನಲ್ಲಿ ಹಾಗಾದರೆ ಗತಿಯೇನು?

ಖಾಲಿ ಮೈದಾನದಲ್ಲಿ, ಮಕ್ಕಳನ್ನು ದೂರ ನಿಲ್ಲಿಸಿ, ನಿಧಾನವಾಗಿ ಓಡಿಸಿ ಬ್ರೇಕ್ ಹಾಕಿ ನೋಡಿದೆವು. ಮಣ್ಣಿನ ಮೇಲೆ ಹಿಂದಿನ ಎರಡು ಗೀರು ಸ್ಪಷ್ಟವಾಗಿದ್ದವು. ಮುಂದಿನ ಚಕ್ರಗಳು ಇನ್ನೂ ಉರುಳುತ್ತಲೇ ಇದ್ದವು. ನನ್ನ ಸಂಶಯ ನಿಜವಾಯಿತು. ಇದಕ್ಕೆ ಮದ್ದು ಪ್ರಪೋರ್ಷನಿಂಗ್ ವಾಲ್ವ್. ಜೋರಾಗಿ ಬ್ರೇಕ್ ಹಾಕಿದಾಗ ಹಿಂದಕ್ಕೆ ಹೋಗುವ ಒತ್ತಡ ಒಂದು ಮಿತಿ ದಾಟಿದ ಮೇಲೆ ಬೇಗ ಏರದಂತೆ ಅದು ತಡೆಯುತ್ತದೆ. ವಾಲ್ವ್ ತರಿಸಲು ಹತ್ತು ದಿನ ಬೇಕಿತ್ತು, ಹಬ್ಬಕ್ಕೆ ಉಳಿದದ್ದು ಆರು ದಿನ. ಮನೆಯ ಯಜಮಾನರು ಒಂದು ಕ್ಷಣ ಕಾರನ್ನೂ ಹೆಂಡತಿಯನ್ನೂ ನೋಡಿದರು. ಆಮೇಲೆ ಬಸ್ಸಿನ ಟಿಕೆಟ್ ಮಾಡಿಸಿದರು. ಆ ಕಾರಿನ ರಿಪೇರಿಯಲ್ಲಿ ಅತ್ಯಂತ ಒಳ್ಳೆಯ ಕೆಲಸ ಅದೇ ಎಂದು ನನಗನ್ನಿಸುತ್ತದೆ. ಅವರು ಮರಳಿ ಬಂದ ಮೇಲೆ ವಾಲ್ವ್ ಕೂರಿಸಿ, ಮುಂದಿನ ಚಕ್ರಗಳು ಮೊದಲು ಹಿಡಿಯುವಂತೆ ಹದ ಮಾಡಿ, ಮೈದಾನದಲ್ಲಿ ಮತ್ತೆ ಮತ್ತೆ ಪರೀಕ್ಷಿಸಿದೆವು.

ಹಳೆಯ ಕಾರು ಇಟ್ಟುಕೊಂಡಿರುವ ಅಜ್ಜಂದಿರಿಗೆ ಎರಡು ಮಾತು. ಬ್ರೇಕ್ ಎಂಬುದು ಕೂಡು ಕುಟುಂಬ. ಒಬ್ಬರನ್ನು ಬದಲಿಸಿದರೆ ಉಳಿದವರೆಲ್ಲರೂ ಹೊಂದಿಕೊಳ್ಳಬೇಕು. ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಚಕ್ರಗಳದ್ದೇ ಆದ್ದರಿಂದ, ಹದವಾಗಿರುವ ಹಿಂದಿನ ಡ್ರಮ್ ಅನೇಕರಿಗೆ ಸಾಕು. ಬದಲಿಸಲೇಬೇಕೆಂದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಘಾಟಿ ಇಳಿಯುವಾಗ ಯಾವ ಬ್ರೇಕ್ ಇದ್ದರೂ ಚಿಕ್ಕ ಗೇರಿನಲ್ಲೇ ಇಳಿಯಿರಿ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ಪೇಂಟನ್ನೂ ತಿನ್ನುತ್ತದೆ. ಹೊರತೆಗೆದ ಎಣ್ಣೆಯನ್ನು ಮತ್ತೆ ತುಂಬಬೇಡಿ.

ಮಕ್ಕಳಿಗೆ ಈ ವಾರದ ಕೆಲಸ: ನಿಂತಿರುವ ಕಾರಿನಲ್ಲಿ ಹಿರಿಯರು ಡ್ರೈವರ್ ಸೀಟಿನಲ್ಲಿ ಕೂತು, ಹ್ಯಾಂಡ್‌ಬ್ರೇಕ್ ಹಾಕಿ, ಪೆಡಲ್ ಒತ್ತಿ ಹಿಡಿಯಲಿ. ನೀವು ಪಕ್ಕದಲ್ಲಿ ಕೂತು ಮೂವತ್ತರವರೆಗೆ ಎಣಿಸಿ. ಪೆಡಲ್ ಇದ್ದಲ್ಲೇ ಇದ್ದರೆ ಸಂತೋಷ. ನಿಧಾನವಾಗಿ ಕೆಳಗಿಳಿದರೆ ಕಾರನ್ನು ಹೊರಗೆ ತೆಗೆಯಬೇಡಿ, ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ.